ಷಡ್ಡಕನ ಹ್ಯಾಂಡಲ್

ಪಂಕ್ಚರ್ ಹಾಕಿಸಲು ಬಂದಿದ್ದ ಮೇಷ್ಟ್ರು ಗ್ಯಾರೇಜಿನ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು. ಪಕ್ಕದಲ್ಲಿದ್ದ ಗಂಡ ಹೆಂಡತಿಯ ಮಾತು ಕಿವಿಗೆ ಬಿದ್ದಮೇಲೆ ಒಂದೇ ಸಾಲನ್ನು ಮೂರು ಸಲ ಓದಿದರು. ಗಂಡನ ಕೈಯಲ್ಲಿ ತನ್ನ ಪುಟ್ಟ ಬೈಕಿಗೆ ಹಾಕಿಸಲು ತಂದ ಗಿಡ್ಡ ಹ್ಯಾಂಡಲ್ ಇತ್ತು. ಹೆಂಡತಿಯ ಮಡಿಲಲ್ಲಿ ಮಗು.

“ಭಾವನ ಗಾಡಿಗಿದೆ ಅಂತ ನಿಮಗೂ ಬೇಕಾ?”

“ಆ ನಮ್ಮ ಷಡ್ಡಕ ಬಂದ್ರೆ ನಿಮ್ಮಪ್ಪ ಗೇಟಿಗೇ ಬಂದು ಗಾಡಿ ಸವರ್ತಾರೆ. ನಾನು ಹೋದ್ರೆ ಟೀವಿಯಿಂದ ಕಣ್ಣು ತೆಗೆಯಲ್ಲ.”

“ಅದಕ್ಕೆ ನಾನು ಮಗು ಎತ್ಕೊಂಡು, ಜೀವ ಕೈಲಿ ಹಿಡ್ಕೊಂಡು ಕೂರ್ಬೇಕಾ? ಇದನ್ನ ಹಾಕಿದ್ರೆ ಗಾಡಿ ಪೂರ್ತಿ ತಿರುಗೋದೇ ಇಲ್ಲ.”

“ಅವರಿಗೆ ತಿರುಗುತ್ತಲ್ಲ.”

“ಎಲ್ಲಿ ತಿರುಗುತ್ತೆ? ಹೋದ ವಾರ ಹ್ಯಾಂಡಲ್ ಟ್ಯಾಂಕಿಗೆ ತಾಗಿ, ಸೀದಾ ಗೋಡೆಗೆ ಗುದ್ದಿದ್ದಾರೆ. ಯಾರಿಗೂ ಹೇಳ್ಬೇಡ ಅಂದಿದ್ದಾಳೆ ಅಕ್ಕ.”

ಗಂಡ ಕೈಯಲ್ಲಿದ್ದ ಹ್ಯಾಂಡಲನ್ನು ಬೆಂಚಿನ ಮೇಲಿಟ್ಟ.

“ಬಿದ್ರಾ?”

“ಮೊಣಕಾಲು ತರಚಿದೆ.”

“ಯಾರಾದ್ರೂ ನೋಡಿದ್ರಾ?”

“ಬೀದಿಯವರೆಲ್ಲ ನೋಡಿದ್ರಂತೆ.”

ಗಂಡ ಎದ್ದು, “ಹಳೇ ಹ್ಯಾಂಡಲ್ಲೇ ಇರ್ಲಿ” ಎಂದು ಮೆಕ್ಯಾನಿಕ್‌ಗೆ ಹೇಳಿ ಬೈಕ್ ಹತ್ತಿದ. ಹೆಂಡತಿ ಮಗುವಿನೊಂದಿಗೆ ಹಿಂದೆ ಕೂತಳು.

“ಸೀದಾ ನಿಮ್ಮಕ್ಕನ ಮನೆಗೇ ಹೋಗೋಣ,” ಎಂದ ಗಂಡ, ಕಿಕ್ ಹೊಡೆಯುತ್ತ. “ಪಾಪ, ಮೊಣಕಾಲು ಹೇಗಿದೆ ಅಂತ ಕೇಳ್ಬೇಡ್ವಾ?”