ಅವರಿಗೆಂದು ಬಿಟ್ಟ ಕೊಂಬೆ

ಅಣ್ಣನ ನೆನಪಿಗೆ ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಮನೆಯವರೆಲ್ಲರಿಗೆ — ಏನು ಹೇಳಬೇಕು ಅಂತ ನನಗೆ ತೋಚುತ್ತಿಲ್ಲ. ನಾಲ್ಕು ಮಾತು ಬರೆದುಕೊಂಡು ಬಂದಿದ್ದೆ. ಚೀಟಿ ಜೇಬಿನಲ್ಲೇ ಇದೆ. ಅದರಲ್ಲಿ 'ತುಂಬಲಾರದ ನಷ್ಟ' ಅಂತ ಎರಡು ಕಡೆ ಬಂದಿದೆ. ಅದನ್ನು ಓದುವುದಿಲ್ಲ, ಕ್ಷಮಿಸಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಕಟ್ಟುಹಲ್ಲು ತಯಾರಿಸುವ ಲ್ಯಾಬಿನವರು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕೊಡುತ್ತೇವೆ. ಅಣ್ಣ ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದೆ. ಹತ್ತೊಂಬತ್ತು ವರ್ಷ — ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ನಾವೆಲ್ಲ ಅವರನ್ನು ಕತ್ತರಿಯಣ್ಣ ಅಂತಿದ್ದೆವು. ಅವರು ನನ್ನನ್ನು 'ಪಾಲಿಶ್' ಅಂತಿದ್ದರು. ನನ್ನ ನಿಜವಾದ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ, ಈಗಲೂ ಅನುಮಾನ.

ಕತ್ತರಿಯಣ್ಣ ಅಂತ ಹೆಸರು ಬಂದದ್ದು ಈ ಗಿಡದಿಂದ. ಫೋಟೋ ಪಕ್ಕದಲ್ಲಿದೆ ನೋಡಿ — ಹಿಂದೆ ಕೂತವರಿಗೂ ಕಾಣುತ್ತಿದೆಯಲ್ಲ? ಇದು ಆಲದ ಜಾತಿಯದು, ಫೈಕಸ್; ಕತ್ತರಿಸಿ ಕತ್ತರಿಸಿ ಗಿಡ್ಡವಾಗಿ ಬೆಳೆಸಿದ ಬೋನ್ಸಾಯ್. ಹದಿನಾಲ್ಕು ವರ್ಷದ ಹಿಂದೆ ಕೆಳಗಿನ ಮಹಡಿಯ ಕ್ಲಿನಿಕ್ಕಿನವರು ಇದನ್ನು ಹೊರಗೆ ಹಾಕಿದ್ದರು. ಕಾಯುವ ಕೋಣೆಯಲ್ಲಿ ಸೂರು ಮುಟ್ಟಿತ್ತಂತೆ. ಅಣ್ಣ ಅದನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಬಂದರು. ಆಮೇಲೆ ಕತ್ತರಿಸಿದರು — ಕತ್ತರಿಸಿದರು — ಇಷ್ಟೇ ಇಷ್ಟು, ಒಂದು ಗೇಣು ಬಿಟ್ಟರು. ಎಲೆ ಒಂದೂ ಇಲ್ಲ. ಊಟದ ಡಬ್ಬಿ ತಂದ ಅತ್ತಿಗೆ ನೋಡಿ ಏನಂದರು, ನೆನಪಿದೆಯಾ ಅತ್ತಿಗೆ? "ಏನ್ರೀ ಇದು, ಗಿಡ ತಂದ್ರೋ, ಮುರಿದ ಛತ್ರಿ ಕೋಲು ತಂದ್ರೋ?"

ಒಂದೂವರೆ ತಿಂಗಳು ಅದು ಕೋಲಾಗಿಯೇ ಇತ್ತು. ನಾವು ನಗುತ್ತಿದ್ದೆವು. ಒಂದು ದಿನ ಅಣ್ಣ ಚಕ್ರ ನಿಲ್ಲಿಸಲು ಹೇಳಿ ಎಲ್ಲರನ್ನೂ ಕಿಟಕಿಯ ಹತ್ತಿರ ಕರೆದರು. ಸಾಸಿವೆ ಕಾಳಿನಷ್ಟು ಒಂದು ಮೊಗ್ಗು. "ನೋಡ್ರೋ, ಹಲ್ಲು ಬರ್ತಾ ಇದೆ!" ಅಂದರು. ಆ ಮೊಗ್ಗೇ — ಎಡಗಡೆ ಉದ್ದಕ್ಕೆ ಚಾಚಿಕೊಂಡಿರುವ ಈ ಕೊಂಬೆ.

ಆಮೇಲೆ ನಮ್ಮ ಲ್ಯಾಬಿನ ಸಾಮಾನೆಲ್ಲ ಅದರ ಸೇವೆಗೆ ಹೋಯಿತು. ಹಲ್ಲಿನ ಕ್ಲಿಪ್ಪಿನ ತಂತಿಯಿಂದ ಕೊಂಬೆ ಬಗ್ಗಿಸುವುದು, ಹಲ್ಲು ಕೆದಕುವ ಕೊಕ್ಕೆಯಿಂದ ಬೇರಿನ ಸಿಕ್ಕು ಬಿಡಿಸುವುದು. ಎಲೆಯ ಮೇಲೆ ನಮ್ಮ ಚಕ್ರದ ಧೂಳು ಕೂರುತ್ತದೆ ಅಂತ ದಿನಾ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದರು. ಅದೇ ಧೂಳು ಅವರ ಎದೆಯೊಳಗೂ ಕೂರುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಅಂತ ನಾವು ಯಾರೂ ಜಬರಿಸಿ ಹೇಳಲಿಲ್ಲ. ಆ ಚಕ್ರ ತಿರುಗಿಸುತ್ತಿದ್ದವನು ನಾನು. ಇದನ್ನು ನಾನು ಯಾರ ಮೇಲೆ ಹಾಕಲಿ?

ಎಂಟು ತಿಂಗಳ ಹಿಂದೆ ಅವರು ಕೆಲಸ ಬಿಟ್ಟು ಮನೆಯಲ್ಲಿ ಮಲಗಿದರು. ಹೋಗುವಾಗ ಕತ್ತರಿ ನನ್ನ ಕೈಗಿಟ್ಟರು. "ಪಾಲಿಶ್, ಚಿಗುರು ಬಂದ ಹಾಗೆ ತೆಗೀತಾ ಇರು. ಈ ವರ್ಷ ಕುಂಡ ಬದಲಾಯಿಸ್ಬೇಕು, ಬೇರು ತುಂಬಿಕೊಂಡಿದೆ" ಅಂದರು. ಆಗಲಿ ಅಂದೆ.

ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ.

ಸೋಮಾರಿತನ ಅಲ್ಲ. ಅವರು ದಿನದಿನಕ್ಕೂ ಇಳಿದುಹೋಗುತ್ತಿದ್ದರು, ಇದಾದರೂ ಬೆಳೆಯಲಿ ಅನ್ನಿಸಿತು. ಬೆಳೆಯುತ್ತಿರುವುದಕ್ಕೆ ಕತ್ತರಿ ಹಾಕಲು ಕೈ ಬರಲಿಲ್ಲ. ಅವರು ಫೋನಿನಲ್ಲಿ ಕೇಳುತ್ತಿದ್ದರು — "ಕತ್ತರಿಸಿದ್ಯಾ?" "ಕತ್ತರಿಸಿದೆ ಅಣ್ಣಾ." "ಕುಂಡ?" "ಬದಲಾಯಿಸಿದೆ ಅಣ್ಣಾ." ಏಳು ತಿಂಗಳು ಹೀಗೆ ಹಸಿ ಸುಳ್ಳು ಹೇಳಿದೆ. ಅಷ್ಟರಲ್ಲಿ ಗಿಡ ಟ್ಯೂಬ್‌ಲೈಟ್ ಮುಟ್ಟಿತು. ಬಿಳಲು ಇಳಿಯಿತು. ಬೇರು ಒತ್ತಿ ಒತ್ತಿ ಕುಂಡ ಬಿರಿಯಿತು. ನೀರು ಹಾಕಿದರೆ ಒಳಗೆ ಇಳಿಯದೆ ಮೇಜಿನ ಮೇಲೆ ಹರಿಯುತ್ತಿತ್ತು.

ಇವತ್ತಿಗೆ ಇಪ್ಪತ್ತೆರಡು ದಿನದ ಹಿಂದಿನ ಮಾತು. ಅತ್ತಿಗೆ ಅವರನ್ನು ಕರೆದುಕೊಂಡು ಹೇಳದೆ ಕೇಳದೆ ಲ್ಯಾಬಿಗೆ ಬಂದರು. ಮೂಗಿಗೆ ನಳಿಕೆ, ಪಕ್ಕದಲ್ಲಿ ಸಿಲಿಂಡರ್. ಅಣ್ಣ ಗಿಡ ನೋಡಿದರು. ನನ್ನನ್ನು ನೋಡಿದರು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ನನಗೆ. ಅವರು ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಅಂದರು — "ಪಾಪ, ಇದಕ್ಕೂ ಉಸಿರಾಡೋಕೆ ಆಗ್ತಿಲ್ಲ. ತಗೋ ಕತ್ತರಿ."

ಅವರು ಬೆರಳು ತೋರಿಸಿದಲ್ಲಿ ನಾನು ಕತ್ತರಿಸಿದೆ. ಕೊಂಬೆ ಕಡಿದಲ್ಲೆಲ್ಲ ಬಿಳಿ ಹಾಲು ಸುರಿಯಿತು. ಅತ್ತಿಗೆ ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದರು. ಕುಂಡ ಒಡೆದು ತೆಗೆದರೆ ಒಳಗೆ ಮಣ್ಣೇ ಇಲ್ಲ, ಬರೀ ಬೇರು, ಹಗ್ಗದ ಸಿಂಬಿಯ ಹಾಗೆ. ಕೊಕ್ಕೆಯಿಂದ ಬಿಡಿಸಿ, ಅರ್ಧಕ್ಕರ್ಧ ಬೇರು ತೆಗೆದು, ಅಗಲವಾದ ಈ ತಟ್ಟೆಕುಂಡದಲ್ಲಿ ದಪ್ಪ ಮರಳು, ಇಟ್ಟಿಗೆ ಚೂರು ಹಾಕಿ ಕೂರಿಸಿದೆವು. ಅಲ್ಲಾಡದಂತೆ ತಂತಿ ಬಿಗಿದೆವು.

"ಈಗ ಆ ಎಡಗಡೆಯದು" ಅಂದರು ಅಣ್ಣ.

ನಾನು ನಿಂತೇಬಿಟ್ಟೆ. ಅದು ಮೊದಲ ಮೊಗ್ಗಿನ ಕೊಂಬೆ.

"ಬೇರು ಅರ್ಧ ಹೋಗಿದೆ, ಪಾಲಿಶ್. ಮೇಲೂ ಅಷ್ಟೇ ಹೋಗ್ಬೇಕು. ಇರೋ ನೀರನ್ನೆಲ್ಲ ಅದೊಂದೇ ಕುಡಿದುಬಿಡುತ್ತೆ. ತೆಗಿ."

"ಅಣ್ಣಾ, ಅದೊಂದನ್ನ ನೀವೇ ಮಾಡಿ" ಅಂದೆ.

ಅವರು ತಮ್ಮ ಕೈ ನೋಡಿಕೊಂಡರು. ಹೀಗೆ — ನಡುಗುತ್ತಿತ್ತು. ನಕ್ಕರು. "ಆಗ್ಲಿ, ನಾಡಿದ್ದು ಬರ್ತೀನಿ. ಅಷ್ಟರೊಳಗೆ ನಿನಗೆ ಧೈರ್ಯ ಬಂದ್ರೆ ನನಗೋಸ್ಕರ ಕಾಯಬೇಡ."

ಆ ನಾಡಿದ್ದು ಬೆಳಗ್ಗೆ ಅತ್ತಿಗೆಯ ಫೋನ್ ಬಂತು.

ಅಂದಿನಿಂದ ಕೊಂಬೆ ಹಾಗೇ ಇದೆ. ಅದನ್ನು ನಾನು ಕತ್ತರಿಸಿದರೆ, ಅವರು ಇನ್ನು ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನನ್ನಿಂದ ಆಗಲಿಲ್ಲ. ದಿನಾ ಕತ್ತರಿ ತೆಗೆಯುವುದು, ದಿನಾ ಇಡುವುದು. ಗಿಡ ನನ್ನ ಕಣ್ಣೆದುರೇ ಸೊರಗುತ್ತಿದೆ. ಮೊದಲು ಬಲಗಡೆಯ ಎಲೆ ಹಳದಿಯಾಯಿತು, ಆಮೇಲೆ ತುದಿಯದು. ಇವತ್ತು ಇಲ್ಲಿ ತಂದಿಡುವಾಗ ಒಂಬತ್ತು ಎಲೆ ಉದುರಿತು. ಅವರನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ. ಇದು ಇತ್ತು. ಇದನ್ನೂ ನಾನೇ ಕೊಲ್ಲುತ್ತಿದ್ದೇನೆ — ಪ್ರೀತಿಯಿಂದ, ಕೈ ಕಟ್ಟಿ ಕೂತು. ನನಗೆ ಭಯವಾಗುತ್ತಿದೆ. ನಿಮ್ಮೆದುರು ಹೇಳಲು ನಾಚಿಕೆಯಿಲ್ಲ, ತುಂಬಾ ಭಯವಾಗುತ್ತಿದೆ.

ಸಭೆ ಶುರುವಾಗುವ ಮುಂಚೆ ಅತ್ತಿಗೆ ಗಿಡದ ಹತ್ತಿರ ಬಂದರು. "ಆ ಕೊಂಬೆ ಇನ್ನೂ ಯಾಕಿದೆ?" ಅಂದರು. "ಅಣ್ಣ ಬರ್ತೀನಿ ಅಂದಿದ್ರು" ಅಂದೆ. ಅವರು ಉದುರಿದ ಎಲೆಗಳನ್ನು ಒಂದೊಂದಾಗಿ ಆರಿಸಿಕೊಂಡರು. ಆಮೇಲೆ ಕೇಳಿದರು, "ಕತ್ತರಿ ತಂದಿದ್ದೀಯಾ?"

ತಂದಿದ್ದೇನೆ. ಇಲ್ಲಿದೆ, ಚೀಟಿಯ ಜೊತೆ ಇದೇ ಜೇಬಿನಲ್ಲಿ.

ಈಗ ಕತ್ತರಿಸಿದರೂ ಉಳಿಯುತ್ತದೆ ಅಂತ ನಾನು ಹೇಳಲಾರೆ. ತಡವಾಗಿರಬಹುದು. ಆದರೆ ಒಬ್ಬನೇ ಇದ್ದಾಗ ನನ್ನಿಂದ ಆಗಲಿಲ್ಲ, ಆಗುವುದೂ ಇಲ್ಲ. ನೀವೆಲ್ಲ ಇದ್ದೀರಿ. ಅತ್ತಿಗೆ, ದಯವಿಟ್ಟು ಮೇಲೆ ಬನ್ನಿ. ಕುಂಡವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ — ಹಾಗೆ — ಬೇರು ಅಲ್ಲಾಡಬಾರದು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕುರ್ಚಿ ಎಳೆಯಬೇಡಿ, ನಿಧಾನವಾಗಿ. ಅಣ್ಣನಿಗಾಗಿ ಒಂದು ನಿಮಿಷ ಮೌನ. ನಡುವೆ ಒಂದು ಸದ್ದು ಕೇಳುತ್ತದೆ. ಕೇಳಿದ ಮೇಲೂ ಯಾರೂ ಮಾತಾಡಬೇಡಿ, ಯಾರೂ ನನ್ನ ಮುಖ ನೋಡಬೇಡಿ.

ಅಣ್ಣಾ — ಇನ್ನು ಕಾಯುವುದಿಲ್ಲ.