ಮುದ್ದೆ ತಿನ್ನುವಾಗ ಮುರಿದ ಹಲ್ಲು

...ಉಹೂಂ, ಮಾತಾಡ್ಬೇಡ ವೆಂಕಟಲಕ್ಷ್ಮಿ! ಬಾಯಲ್ಲಿ ಮೇಣ ಐತೆ. ಹಲ್ಲಿನ ಅಚ್ಚು ಗಟ್ಟಿಯಾಗೋ ತನಕ ನಾಲಿಗೆ ಅಲ್ಲಾಡಿಸ್ಬಾರ್ದು. ಹಂಗೇ ಕಚ್ಕೊಂಡಿರು. ಮೂಗಲ್ಲಿ ಉಸಿರಾಡು... ಹಾಂ, ಅಷ್ಟೇ. ಏನು ಹೇಳ್ಬೇಕೋ ಆಮೇಲೆ ಹೇಳೀಯಂತೆ.

ಬಾಗಿಲ ಕಡೆ ಯಾಕೆ ನೋಡ್ತೀಯಾ? ನಿಮ್ಮಣ್ಣ ಎಲ್ಲೂ ಹೋಗಿಲ್ಲ, ಆಚೆ ಬೆಂಚಿನ ಮೇಲೆ ಪೇಪರ್ ಓದ್ತಾ ಕೂತವ್ನೆ. ಬಚ್ಚಪ್ಪ ಒಳ್ಳೇನು ಕಣಮ್ಮಾ. ಕೋಪ ಒಸಿ ಜಾಸ್ತಿ. ತಂಗಿ ಮುಂದಿನ ಹಲ್ಲು ಮುರ್ಕೊಂಡು ಬಂದು ನಿಂತ್ರೆ ಯಾವ ಅಣ್ಣಂಗೆ ಹೊಟ್ಟೆ ಉರಿಯಲ್ಲ ಹೇಳು? ಅದ್ಕೇ ನಿನ್ನ ಗಂಡನ ಮನೆ ಜೂಜುವಾಡಿಯಿಂದ ಎಬ್ಬಿಸ್ಕೊಂಡು ಬಂದು ಬಾಗಲೂರಲ್ಲಿ ತನ್ನ ಮನೇಲಿ ಇಟ್ಕೊಂಡವ್ನೆ.

ಆದ್ರೂ ನೀನು ಒಂದು ಮಾತು ಕೆಡಿಸ್ಬುಟ್ಟೆ. ಮುದ್ದೆ ತಿನ್ನುವಾಗ ಮುರೀತು ಅಂದ್ಯಲ್ಲ! ಅಯ್ಯೋ ತಾಯೀ, ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋದಲ್ವಾ? ಚಕ್ಲಿ ಅಂದಿದ್ರೆ ನಂಬ್ತಿದ್ರು. ಕಬ್ಬು ಅಂದಿದ್ರೂ ನಂಬ್ತಿದ್ರು. 'ಬೊಚ್ಚುಬಾಯಿ ಮುದುಕ್ರೇ ಮುದ್ದೆ ತಿಂದು ಏಳ್ತಾರೆ, ಇವಳಿಗೆ ಹಲ್ಲು ಮುರೀತಂತೆ' ಅಂತ ನಿಮ್ಮತ್ತಿಗೇನೇ ನಕ್ಕಳಂತೆ. ಗಂಡನ್ನ ಕಾಪಾಡೋಕೆ ಸುಳ್ಳು ಹೇಳ್ತಾವ್ಳೆ ಅಂದ್ಕೊಂಡ್ರು ಎಲ್ರೂ.

ಏಯ್, ತಲೆ ಅಲ್ಲಾಡಿಸ್ಬೇಡ! ಅಚ್ಚು ಕೆಡ್ತದೆ. ಗೊತ್ತು, ಗೊತ್ತು... ನಿನ್ನ ಗಂಡ ಚಿನ್ನಸ್ವಾಮಿ ಹೊಡೆದಿಲ್ಲ ಅಂತೀಯಾ. ನಾನೇನು ಹೊಡೆದ ಅಂದ್ನಾ? ನಿಮ್ಮಣ್ಣ ಇಲ್ಲೇ ನಿಂತ್ಕೊಂಡು ಕೇಳ್ದ, 'ಸುಬ್ಬರಾಮ ಡಾಕ್ಟ್ರೇ, ಹೋದ ತಿಂಗಳು ತಾನೇ ಹುಳುಕು ಹಲ್ಲು ಅರೆದು ಮೇಲೆ ಪಿಂಗಾಣಿ ಕವಚ ಕೂರಿಸಿದ್ರಿ. ಅದು ತಾನಾಗೇ ಮುರೀತದಾ?' ಅಂತ. ಬೆಂಚು ತುಂಬ ಜನ. ಎಲ್ರೂ ನನ್ನ ಬಾಯೇ ನೋಡ್ತಾವ್ರೆ. ಏನನ್ಲಿ? 'ಏಟು ಬೀಳ್ದೆ ನಾನು ಮಾಡಿದ ಹಲ್ಲು ಮುರಿಯಲ್ಲ' ಅಂದೆ. ಹಲ್ಲಿನ ಮಾತು ಕಣಮ್ಮಾ ಅದು! ಹಲ್ಲಿನ ಬಗ್ಗೆ ಅಂದಿದ್ದು. ಬಚ್ಚಪ್ಪನ ಕಡೆಯೋರು ಹೋಗಿ ಫ್ಯಾಕ್ಟರಿ ಗೇಟಲ್ಲಿ ಆ ಹುಡುಗನ್ನ ಹಿಡ್ಕೊಂಡು ಬಡೀತಾರೆ ಅಂತ ನಾನೇನು ಕನಸು ಕಂಡಿದ್ನಾ? ಕೇಳಿ ನಂಗೂ ಬೇಜಾರಾಯ್ತು. ನಿಜವಾಗ್ಲೂ.

ಬಿಡು. ಈ ಸಲ ನೋಡು, ಹೆಂಗೆ ಮಾಡಿಕೊಡ್ತೀನಿ! ಈ ಅಚ್ಚಿಗೆ ಪ್ಲಾಸ್ಟರ್ ಹುಯ್ದು ಹಲ್ಲಿನ ಮಾದರಿ ಎತ್ತೋದು. ಅದ್ರ ಮೇಲೆ ಪ್ಲಾಟಿನಂ ತಗಡು ಸುತ್ತೋದು, ಈರುಳ್ಳಿ ಸಿಪ್ಪೆಗಿಂತ ತೆಳು. ಒಳಗೆ ಅಲ್ಯುಮಿನಾ ಬೆರೆಸಿದ ಗಟ್ಟಿ ಪಿಂಗಾಣಿ ಪುಡಿ, ಹೊರಗೆ ನಿನ್ನ ಹಲ್ಲಿನ ಬಣ್ಣದ ಪುಡಿ. ನೀರಲ್ಲಿ ಕಲಸಿ ಕುಂಚದಲ್ಲಿ ಮೆತ್ಬೇಕು. ಬೇಕಾದ್ದಕ್ಕಿಂತ ದಪ್ಪಕ್ಕೇ ಮೆತ್ಬೇಕು, ಫರ್ನೆಸ್ಸಲ್ಲಿ ಸುಟ್ಟಾಗ ಕುಗ್ತದೆ. ಸುಡೋದೇನು ದೊಡ್ಡದಲ್ಲ, ಆರಿಸೋದೇ ದೊಡ್ಡದು! ಫರ್ನೆಸ್ ಬಾಯಿಗೆ ನಿಧಾನಕ್ಕೆ ತಂದು, ಮೇಲೆ ಗಾಜಿನ ಲೋಟ ಕವುಚಿ, ತಣ್ಣಗಾಗೋವರ್ಗೂ ಮುಟ್ಬಾರ್ದು. ಅವಸರ ಮಾಡಿದ್ಯೋ, ಉರಿಯೋ ಲಾಟೀನಿನ ಗಾಜಿಗೆ ನೀರು ಎರಚಿದಂಗೆ...

...ಯಾಕಮ್ಮಾ ಹಂಗೆ ನೋಡ್ತೀಯಾ? ಹೋದ್ಸಲಾನೂ ಹಂಗೇ ಮಾಡಿದ್ದು. ಲೋಟ ಕವುಚಿದ್ದೆ. ಕವುಚಿದ್ದೆ ಅಂದ್ನಲ್ಲ!

ಹಾಂ, ಗಟ್ಟಿಯಾಯ್ತು. ಬಾಯಿ ಅಗಲಿಸು... ಬಂತು. ಮುಕ್ಕಳಿಸಿ ಉಗಿ. ಈಗ ಮಾತಾಡ್ಬೋದು. ಏನೋ ಹೇಳೋಕೆ ಒದ್ದಾಡ್ತಿದ್ಯಲ್ಲ, ಹೇಳು. ...ಏನೂ ಇಲ್ವಾ? ಮಗು ಹೆಂಗೈತೆ? ...ಅಯ್ಯೋ, ಮರೆತೆ. ಅದು ಜೂಜುವಾಡೀಲೇ ಉಳೀತಲ್ವಾ, ನಿಮ್ಮತ್ತೆ ಹತ್ರ. ಅಳ್ಬೇಡಮ್ಮಾ. ಅಳ್ಬೇಡ.

ನೋಡು, ಹಿಂಗೆ ಮಾಡೋಣ. ಭಾನುವಾರ ಪಂಚಾಯ್ತಿ ಸೇರ್ತದಂತಲ್ಲ, ಗಂಡನಿಂದ ಬಿಡುಗಡೆ ಮಾಡಿಸ್ಬಿಡ್ತೀನಿ ಅಂತ ಬಚ್ಚಪ್ಪ ಕುಣೀತಾವ್ನೆ. ಅಲ್ಲಿ ನೀನು, ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು. ಮುದ್ದೆ ವಿಷ್ಯ ಎತ್ತಲೇ ಬೇಡ. ನಾನೂ ಹೌದು ಅಂತೀನಿ. ಬಿದ್ದಾಗ ಬೀಳೋದೂ ಏಟೇ ತಾನೇ? ನನ್ನ ಮಾತೂ ಸುಳ್ಳಾಗಲ್ಲ, ನಿನ್ನ ಸಂಸಾರಾನೂ ಉಳೀತದೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು... ಏನಂತೀಯಾ?

ಏನದು ಸೆರಗಿನ ಗಂಟಲ್ಲಿ? ಮುರಿದ ತುಂಡಾ? ಅದನ್ನ ಯಾಕಮ್ಮಾ ಇಟ್ಕೊಂಡಿದ್ದೀಯಾ! ಕೊಡಿಲ್ಲಿ, ಬಿಸಾಕ್ತೀನಿ. ...ಕೊಡಲ್ವಾ? ಯಾಕೆ ತಿರುಗಿಸಿ ತೋರಿಸ್ತೀಯಾ? ಮುರಿದ ಅಂಚಲ್ಲಿ ಕಂದು ಬಣ್ಣ... ಹೂಂ, ಕಾಣ್ತದೆ. ಕಾಫಿ ಕರೆ ಇರ್ಬೇಕು ಬಿಡು. ಏನು, ಬೆರಳಲ್ಲಿ ಉಜ್ಜಿ ಉಜ್ಜಿ ತೋರಿಸ್ತೀಯಾ? ಉಜ್ಜಿದ್ರೆ ಹೋಗಲ್ಲ ಅಂತಾನಾ? ...ಹೋಗಲ್ಲ.

ಹೋಗಲ್ಲಮ್ಮಾ. ಅದು ಕರೆ ಅಲ್ಲ.

ಹಂಗೆ ನೋಡ್ಬೇಡ, ಹೇಳ್ತೀನಿ. ಅವತ್ತು ನಿನ್ನ ಕವಚ ಸುಡ್ವಾಗ ಅಶ್ವತ್ಥಪ್ಪ ಮೇಷ್ಟ್ರು ಬಂದು ಕೂತಿದ್ರು. 'ಬೆಂಗ್ಳೂರ್ಗೆ ಕಳಿಸ್ದೆ ಇಲ್ಲೇ ಸುಡ್ತೀರಾ? ಹೊಸೂರಲ್ಲಾ? ಎಲ್ಲಿ ತೋರಿಸ್ರೀ' ಅಂದ್ರು. ನಂಗೆ ಜಂಬ. ಬಿಸಿದನ್ನೇ ಚಿಮಟದಲ್ಲಿ ಹಿಡಿದು ಕಿಟಕಿ ಗಾಳೀಗೆ ತಂದ್ಬುಟ್ಟೆ. ಟಿಕ್ ಅಂತು. ಅಷ್ಟೇ. ಅವ್ರಿಗೆ ಕೇಳಿಸ್ಲಿಲ್ಲ, ಆಹಾ ಓಹೋ ಅಂತಿದ್ರು. ನಂಗೆ ಕೇಳಿಸ್ತು. ಕೂದಲೆಳೆಯಷ್ಟು ಸೀಳು. ಇನ್ನೊಂದು ಮಾಡ್ಬೇಕಿತ್ತು. ಮಾಡ್ಲಿಲ್ಲ. ಸೀಳಿನ ಮೇಲೆ ಕಂದು ಬಣ್ಣ ಎಳೆದು ಮತ್ತೆ ಸುಟ್ಟೆ. ಹುಟ್ಟು ಹಲ್ಲಲ್ಲೂ ಅಂಥ ಗೆರೆ ಇರ್ತದೆ, ಯಾರಿಗೆ ತಿಳೀತದೆ ಅಂತ. ಬಣ್ಣ ಒಳಕ್ಕೆ ಇಳೀತು... ಏಟಿಗೆ ಮುರಿದಿದ್ರೆ ಆ ಅಂಚು ಬೆಳ್ಳಗಿರ್ತಿತ್ತು. ನೀನು ಕನ್ನಡಿ ನೋಡ್ಕೊಂಡು, 'ಥೇಟ್ ನನ್ನ ಹಲ್ಲೇ ಡಾಕ್ಟ್ರೇ' ಅಂದೆ. ನಾನು ನಕ್ಕೆ. ನಕ್ಕೆನಲ್ಲ!

ಬಯ್ಯಮ್ಮಾ. ಏನಾದ್ರೂ ಅನ್ನು. ...ಈಗ ಈಗ ನಾಕು ಜನ ನಂಬಿ ಬರ್ತಾವ್ರೆ. ಈ ಮಾತು ಆಚೆ ಹೋದ್ರೆ ಈ ಕುರ್ಚಿ ಮೇಲೆ ಯಾರು ಕೂರ್ತಾರೆ ಹೇಳು? ನಂಗೂ ಹೆಂಡ್ತಿ ಮಕ್ಳವ್ರೆ.

...ಸರಿ, ಕೆಳಗಿನ ಹಲ್ಲಿನ ಅಚ್ಚೂ ತಗೊಂಡ್ಬಿಡೋಣ. ಮೇಣ ಆರ್ತಾ ಐತೆ. ಬಾಯಿ ತೆಗಿ. ...ತೆಗಿ ತಾಯೀ. ...ತೆಗೆಯಲ್ವಾ?

...ಬಚ್ಚಪ್ಪಾ! ಒಸಿ ಒಳಕ್ಕೆ ಬಾಪ್ಪಾ. ಪೇಪರ್ ಅಲ್ಲೇ ಇಡು. ಬೆಂಚಿನ ಮೇಲಿರೋರೂ ಬರ್ಲಿ. ಪರ್ವಾಗಿಲ್ಲ, ಎಲ್ರೂ ಬರ್ಲಿ, ಅವತ್ತು ಎಲ್ರ ಮುಂದೆ ತಾನೇ ಅಂದಿದ್ದು... ಚಿನ್ನಸ್ವಾಮಿ ಕೈ ಎತ್ತಿಲ್ಲ ಕಣಪ್ಪಾ. ಈ ಹಲ್ಲು ನಿನ್ನ ತಂಗಿ ಬಾಯಿಗೆ ಹೋಗೋಕೆ ಮುಂಚೇನೇ ಒಡೆದಿತ್ತು.