ಹೊನ್ನಾಜಮ್ಮ ಕೋಣೆ ಬಾಡಿಗೆಗೆ ಕೊಟ್ಟದ್ದು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಅರ್ಧ ಕಥೆ ಆದ ಮೇಲೆ ಅವಳು ಯಾರು, ಇವಳು ಯಾರು ಅಂತ ಕೇಳಿದ್ರೆ ನಾನಂತೂ ಹೇಳೋಳಲ್ಲ. ಮೊದಲೇ ಹೇಳಿದೀನಿ.

ಒಂದು ಕಾಲ, ಆ ಕಾಲಕ್ಕೊಂದು ಊರು. ಊರಿಗೆ ಹೆಸರಿತ್ತೋ ಇಲ್ವೋ, ನಮಗ್ಯಾಕೆ? ಆ ಊರಲ್ಲೊಂದು ಬೀದಿ, ಬೀದಿ ಕೊನೇಲೊಂದು ಹೆಂಚಿನ ಮನೆ, ಆ ಮನೇಲಿ ಹೊನ್ನಾಜಮ್ಮ ಅಂತ ಒಬ್ಬಳು ಹೆಂಗಸು. ಗಂಡ ತೀರಿಕೊಂಡು ಮೂರು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಹಪ್ಪಳ ಸಂಡಿಗೆ ಮಾಡಿ ಮಾರ್ತಾ ಇದ್ಳು. ಬಾಯಿ ಜೋರು, ಕೈ ಧಾರಾಳ, ಒಟ್ಟಿನಲ್ಲಿ ಒಳ್ಳೆಯವಳೇ ಅನ್ನಿ.

ಹಿಂಗಿರೋವಾಗ ಮನೆ ತೊಲೆಗೆ ಗೆದ್ದಲು ಹಿಡೀತು. ಬಡಗಿ ಬಂದು ಉಳಿಯಿಂದ ಚುಚ್ಚಿದ. ಉಳಿ ಹಿಟ್ಟಿನೊಳಕ್ಕೆ ಹೋದ ಹಾಗೆ ಸಲೀಸಾಗಿ ಹೋಯ್ತು. ಮಳೆ ಹಿಡಿಯೋದ್ರೊಳಗೆ ತೊಲೆ ಬದಲಾಯಿಸದಿದ್ರೆ ಸೂರು ತಲೆ ಮೇಲೆ ಬರುತ್ತೆ ಅಂದ. ಹಪ್ಪಳ ಮಾರಿದ ಕಾಸಲ್ಲಿ ತೊಲೆ ಬರುತ್ತಾ? ಮನೆ ಬಿದ್ರೆ ಅವಳಿಗಿದ್ದದ್ದು ಒಂದೇ ದಾರಿ, ಅಣ್ಣನ ಮನೆ. ಅಣ್ಣ ಪಾಪದವನು. ಆದ್ರೆ ಅತ್ತಿಗೆ ಇದ್ದಾಳಲ್ಲ, ಅವಳು ಕುಡಿಯೋಕೆ ನೀರು ಕೊಟ್ರೂ ಮುಖ ಸಿಂಡರಿಸ್ಕೊಂಡು ಕೊಡೋಳು. ಅವಳ ಕೈಕೆಳಗೆ ಬದುಕೋದು ಹೊನ್ನಾಜಮ್ಮನಿಗೆ ಸುತರಾಂ ಬೇಡವಾಗಿತ್ತು.

ಬೀದಿ ಕಡೆಗೊಂದು ಕೋಣೆ ಖಾಲಿ ಬಿದ್ದಿತ್ತು. ಬಾಡಿಗೆಗೆ ಕೊಡೋದಾ, ಬೇಡ್ವಾ? ಹಿಟ್ಟು ನಾದ್ತಾ ಕೊಡ್ತೀನಿ ಅಂದ್ಲು. ಲಟ್ಟಿಸ್ತಾ ಕೊಡಲ್ಲ ಅಂದ್ಲು. ಬಿಸಿಲಿಗೆ ಹಾಕ್ತಾ ಮತ್ತೆ ಕೊಡ್ತೀನಿ ಅಂದ್ಲು. ಯಾರೋ ಗುರುತಿಲ್ಲದವರು ಬಂದು ನನ್ನ ಬಚ್ಚಲಲ್ಲಿ ಸ್ನಾನ ಮಾಡೋದಾ, ತಲೆ ಬಿಚ್ಚಿ ಕೂತಾಗ ಎದುರಿಗೆ ಓಡಾಡೋದಾ ಅಂತ ಅವಳ ಕೊರಗು. ಮೂರನೇ ದಿನ ತೊಲೆಯಿಂದ ಒಂದು ಹಿಡಿ ಗೆದ್ದಲ ಮಣ್ಣು ಹಿಟ್ಟಿನೊಳಕ್ಕೇ ಉದುರಿತು. ಅಲ್ಲಿಗೆ ಕೊಡಲ್ಲ ಅನ್ನೋ ಮಾತು ನಿಂತುಹೋಯ್ತು.

ಈಗ ಆ ಊರಿನ ಪದ್ಧತಿ ಕೇಳಿ, ಇದು ಗೊತ್ತಿಲ್ಲದಿದ್ರೆ ಕಥೇನೇ ಇಲ್ಲ. ಬಾಡಿಗೆಗೆ ಬರೋರು ಎಲೆ ಅಡಿಕೆ ತಂದು ಜಗಲಿ ಮೇಲೆ ಇಡಬೇಕು. ಎದುರಿಗೆ ಮನೆಯವರು ಕೂರಬೇಕು, ಮಧ್ಯದಲ್ಲಿ ಬೀದಿಯ ಹಿರಿಯರೊಬ್ಬರು. ಮೊದಲು ಬಂದವರು ತಮ್ಮದೊಂದು ಕುಂದು ಹೇಳ್ಬೇಕು, ಆಮೇಲೆ ಮನೆಯವರು ತಮ್ಮದೊಂದು ಹೇಳ್ಬೇಕು. ಹತ್ತು ಜನಕ್ಕೆ ಕೇಳೋ ಹಾಗೆ. ಒಪ್ಪಿಗೆಯಾದ್ರೆ ಇಬ್ಬರೂ ಎಲೆ ಹಾಕ್ಕೋಬೇಕು. ಎಲೆ ಹಾಕ್ಕೊಂಡ ಮೇಲೆ, ಜಗಲಿ ಮೇಲೆ ಹೇಳಿದ ಕುಂದಿಗೆ ಯಾರೂ ಜಗಳ ತೆಗೆಯೋ ಹಾಗಿಲ್ಲ. ಬೀದಿಯವರೂ ಸೇರಿ. ಏನು ಚಂದದ ಪದ್ಧತಿ ನೋಡಿ. ನಮ್ಮ ಕಡೆ ಮದುವೆಗಾದ್ರೂ ಇದನ್ನ ಇಟ್ಟಿದ್ರೆ ನಾನು ನಮ್ಮ ಯಜಮಾನರನ್ನ ಕೇಳೋದು ಬಹಳ ಇತ್ತು.

ಬೀದಿಯ ಹಿರಿಯ ಅಂದ್ರೆ ಚಿಕ್ಕೀರಯ್ಯ. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಎಲೆ ಅಡಿಕೆ ಚಪಲ ಮಾತ್ರ ಹೋಗಿಲ್ಲ. ಎಲೆ ಅಡಿಕೆ ಕುಟ್ಟೋ ಕುಟ್ಟಾಣಿ ಸಮೇತ ಬಂದು ಕೂತ.

ಮೊದಲು ಬಂದೋರು ಪಾತ್ರೆಗೆ ಕಲಾಯಿ ಹಾಕೋ ಬುಡನ್ ಸಾಬರು. ಎಲೆ ಅಡಿಕೆ ಇಟ್ರು, ನಾನು ಗೊರಕೆ ಹೊಡೀತೀನಿ ತಾಯಿ, ಹಿಂದಿನ ಮನೇಲಿ ಪಕ್ಕದ ಕೊಟ್ಟಿಗೆ ಎಮ್ಮೆ ಹಗ್ಗ ಕಿತ್ಕೊಂಡು ಹೋಗಿತ್ತು ಅಂದ್ರು. ಗೊರಕೆ ತಾನೇ, ಇರಲಿ ಅಂದ್ಲು ಹೊನ್ನಾಜಮ್ಮ. ನಿಂದು ಹೇಳಮ್ಮ ಅಂದ ಚಿಕ್ಕೀರಯ್ಯ.

"ನಂದಾ? ನನಗೇನು ಕುಂದು? ನಂದೇನೂ ಇಲ್ಲ" ಅಂದ್ಲು.

ಸಾಬರು ಇಟ್ಟ ಎಲೆ ಅಡಿಕೆ ವಾಪಸ್ ಎತ್ಕೊಂಡು ಎದ್ರು.

"ಕುಂದೇ ಇಲ್ಲದವರ ಮನೇಲಿ ನನ್ನ ಗೊರಕೆ ಇನ್ನೂ ಜೋರಾಗಿ ಕೇಳುತ್ತೆ ತಾಯಿ. ನಂಗೆ ಬೇಡ."

ಎರಡನೇ ಸಲ ಚಾಪೆ ಹೆಣೆಯೋ ಮಾರಯ್ಯ, ಅವನ ಹೆಂಡ್ತಿ ದ್ಯಾವಮ್ಮ. ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮೊದಲೇ ನಾವು ಜಗಳ ಆಡ್ತೀವಿ, ಹಿಟ್ಟು ಬೇಯೋ ಹೊತ್ತಿಗೆ ಮುಗಿಯುತ್ತೆ ಅಂತ ಗಂಡ ಹೇಳಿದ. ಮುಗಿಯಲ್ಲ ಅಂತ ಹೆಂಡ್ತಿ ಅಲ್ಲೇ ಶುರು ಮಾಡಿದ್ಲು. ಅದಕ್ಕೂ ಹೊನ್ನಾಜಮ್ಮ ಒಪ್ಪಿದ್ಲು. ತೊಲೆ ಬೇಕಲ್ಲ. ಈ ಸಲ ಅವಳೂ ತಯಾರಾಗೇ ಕೂತಿದ್ಲು. ಗಂಟಲು ಸರಿ ಮಾಡ್ಕೊಂಡು ಏನಂದ್ಲು ಗೊತ್ತಾ?

"ನಂದು ಮನಸ್ಸು ಬಹಳ ಮೃದು. ಯಾರು ಕೇಳಿದ್ರೂ ಇಲ್ಲ ಅನ್ನೋಕಾಗಲ್ಲ. ಅದೇ ನನ್ನ ಕುಂದು."

ಬೀದಿ ಪೂರಾ ನಕ್ಕಿತು. ಚಿಕ್ಕೀರಯ್ಯ ಕುಟ್ಟಾಣಿ ಬಿಟ್ಟು ನಕ್ಕ. ಜಗಳಗಂಟ ಗಂಡ ಹೆಂಡ್ತಿ ಆವತ್ತೊಂದು ದಿನ ಒಂದೇ ಮಾತಾಗಿ, ಇವಳ ಮನೆ ಬೇಡ ಅಂತ ಹೊರಟುಹೋದ್ರು.

ಹೊನ್ನಾಜಮ್ಮನಿಗೆ ಮೈಯೆಲ್ಲ ಉರಿ. ಇವರಿಗೆಲ್ಲ ಗೊತ್ತಿರೋ ಕುಂದು ನನ್ನಲ್ಲಿ ಏನಿದೆ? ಕೇಳೇಬಿಡೋಣ ಅಂತ ಸೆರಗು ಸಿಕ್ಕಿಸ್ಕೊಂಡು ಹೊರಟ್ಲು. ಮೊದಲು ಪಕ್ಕದ ಮನೆ ಸಾಕಮ್ಮನ ಹತ್ರ ಹೋದ್ಲು. ಒಲೆ ಮೇಲಿನ ಪಾತ್ರೆ ಮುಚ್ಚಳ ಎತ್ತಿದ್ಲು, ಸಾರು ಅಂಗೈಗೆ ಹಾಕ್ಕೊಂಡು ನೆಕ್ಕಿದ್ಲು, ಚಿಟಿಕೆ ಉಪ್ಪು ಉದುರಿಸಿದ್ಲು, ನನ್ನ ಕುಂದು ಏನೇ ಅಂತ ಕೇಳಿದ್ಲು. ಅಯ್ಯೋ ನಿಂಗೇನಕ್ಕ ಅಂದ್ಲು ಸಾಕಮ್ಮ, ಬೇರೆ ಕಡೆ ನೋಡ್ಕೊಂಡು. ಎದುರು ಮನೆಗೆ ಹೋದ್ಲು. ಮುಚ್ಚಳ ಎತ್ತಿದ್ಲು, ನೆಕ್ಕಿದ್ಲು, ಉಪ್ಪು ಉದುರಿಸಿದ್ಲು, ಕೇಳಿದ್ಲು. ಅಲ್ಲೂ ಅದೇ ಮಾತು.

ಯಾಕ್ರಮ್ಮ ನಗ್ತೀರಿ? ನಿಮಗೆ ಗೊತ್ತಾಯ್ತು, ಅವಳಿಗೆ ಇನ್ನೂ ಗೊತ್ತಾಗಿಲ್ಲ. ಸುಮ್ನೆ ಕೇಳಿ.

ಮೂರನೇ ಮನೇಲಿ ಹೊಸದಾಗಿ ಬಂದ ಸೊಸೆ ಪುಟ್ಟಮಾದಿ ಒಲೆ ಮುಂದೆ ಇದ್ಲು. ಹೊನ್ನಾಜಮ್ಮ ಹೊಸ್ತಿಲು ದಾಟೋದನ್ನ ಕಂಡಿದ್ದೇ ತಡ, ಆ ಹುಡುಗಿ ಕುದಿಯೋ ಸಾರಿನ ಪಾತ್ರೆ ಇಳಿಸಿ, ಬೆನ್ನ ಹಿಂದೆ ಇಟ್ಕೊಂಡು, ಸೆರಗು ಹರಡಿ ಕೂತುಬಿಟ್ಲು. ಕೈ ಸುಟ್ಟಿತ್ತು ಪಾಪ, ಊದ್ಕೋತಾ ಇದ್ಲು. ಹೊನ್ನಾಜಮ್ಮ ಆ ಕೈ ನೋಡಿದ್ಲು, ಸೆರಗಿನ ಹಿಂದೆ ಏಳ್ತಾ ಇದ್ದ ಹಬೆ ನೋಡಿದ್ಲು. ಏನೂ ಕೇಳಲಿಲ್ಲ. ಮನೆಗೆ ಬಂದು ಕಂಬಕ್ಕೆ ಒರಗಿ ಅತ್ಲು. ನಾನು ಬರ್ತೀನಿ ಅಂದ್ರೆ ಜನ ಕೈ ಸುಟ್ಕೊಂಡಾದ್ರೂ ಪಾತ್ರೆ ಬಚ್ಚಿಡ್ತಾರಲ್ಲ ಅಂತ ನಾಚಿಕೆಯಾಗಿ ಅತ್ಲು.

ಮೋಡ ಕಟ್ಟೋಕೆ ಶುರುವಾಯ್ತು. ಆಗ ಬಂದಳು ಮೂರನೆಯವಳು. ದೂರದ ಸೀಮೆಯವಳು, ಗಿರಿಯವ್ವ ಅಂತ, ಹಳೇ ಸೀರೆ ಜೋಡಿಸಿ ಕೌದಿ ಹೊಲಿಯೋಳು. ಒಂಟಿ ಹೆಂಗಸು. ಎಲೆ ಅಡಿಕೆ ಇಟ್ಲು. ಬೀದಿಯವರೆಲ್ಲ ಈ ಸಲ ಏನು ಹೇಳ್ತಾಳೋ ನೋಡೋಣ ಅಂತ ಬಂದು ಸೇರಿದ್ರು. ಗಿರಿಯವ್ವ, ಸೂರ್ಯ ನೆತ್ತಿಗೆ ಬರೋವರೆಗೆ ನನ್ನನ್ನ ಯಾರೂ ಮಾತಾಡಿಸಬಾರದು, ಮಾತಾಡಿಸಿದ್ರೆ ಸಿಡಿದುಬೀಳ್ತೀನಿ ಅಂದ್ಲು. ಆಮೇಲೆ ಎಲ್ಲರೂ ಹೊನ್ನಾಜಮ್ಮನ ಕಡೆ ತಿರುಗಿದ್ರು.

ಹೇಳಿದ್ರೆ ಇವಳೂ ಹೋಗ್ತಾಳೆ, ಹೇಳದಿದ್ರೂ ಹೋಗ್ತಾಳೆ. ತಲೆ ತಗ್ಗಿಸಿಕೊಂಡು ಹೇಳಿದ್ಲು.

"ನಾನು ಯಾರ ಮನೆಗೆ ಹೋದ್ರೂ ಪಾತ್ರೆ ಮುಚ್ಚಳ ಎತ್ತಿ ನೋಡ್ತೀನಿ. ಕೇಳದೇ ಉಪ್ಪು ಹಾಕ್ತೀನಿ. ನಿನ್ನ ಪಾತ್ರೇನೂ ಬಿಡೋಳಲ್ಲ ಅನ್ಸುತ್ತೆ. ನಮ್ಮ ಯಜಮಾನರಿದ್ದಾಗ ಈ ಚಾಳಿ ಇರಲಿಲ್ಲ ಕಣವ್ವ. ಈಗ ನನ್ನ ಪಾತ್ರೆ ಮುಚ್ಚಳ ತೆಗೆದ್ರೆ ತಳ ಕಾಣುತ್ತೆ, ಒಬ್ಬಳಿಗೆ ಎಷ್ಟು ಬೇಕು? ತುಂಬಿದ ಪಾತ್ರೆ ಎಲ್ಲಿ ಕಂಡ್ರೂ ಕೈ ನಿಲ್ಲಲ್ಲ."

ಈ ಸಲ ಯಾರೂ ನಗಲಿಲ್ಲ. ಗಿರಿಯವ್ವ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಅರ್ಧ ತಾನು ಹಾಕ್ಕೊಂಡು ಅರ್ಧ ಅವಳ ಕೈಗೆ ಕೊಟ್ಲು.

ಬಾಯಿ ಕೆಂಪಾಗೋ ಹೊತ್ತಿಗೆ ಬೀದಿಯ ಹೆಂಗಸರಿಗೆ ಎಚ್ಚರ ಆಯ್ತು. ಹಂಗಾದ್ರೆ ಇನ್ಮೇಲೆ ಇವಳು ನಮ್ಮ ಮುಚ್ಚಳ ಎತ್ತಿದ್ರೆ ನಾವು ಏನೂ ಅನ್ನೋ ಹಾಗಿಲ್ವಾ ಅಂತ ಸಾಕಮ್ಮ ಕೇಳಿದ್ಲು. ಇಲ್ಲ ಕಣವ್ವ, ಪದ್ಧತಿ ಪದ್ಧತೀನೇ ಅಂತ ಚಿಕ್ಕೀರಯ್ಯ ಕುಟ್ಟಾಣಿ ಕುಟ್ಟಿದ. ಎಲ್ಲರ ಮುಖ ನೋಡಬೇಕಿತ್ತು ನೀವು.

ಗಿರಿಯವ್ವ ಮುಂಗಡ ಕೊಟ್ಲು, ಬಡಗಿ ಬಂದ, ಮಳೆಗೆ ಮೊದಲೇ ಹೊಸ ತೊಲೆ ಏರ್ತು. ಅಣ್ಣನ ಮನೆಗೆ ಹೋಗೋ ಮಾತು ಅಲ್ಲಿಗೆ ಮುಗೀತು.

ಗಿರಿಯವ್ವ ಬಂದು ಸೇರಿದ ಮಾರನೇ ದಿನ. ಬೆಳಿಗ್ಗೆಯಿಂದ ಹೊನ್ನಾಜಮ್ಮ ತುಟಿ ಬಿಗಿಹಿಡ್ಕೊಂಡೇ ಇದ್ಲು, ಮಾತಾಡೋ ಹಾಗಿಲ್ವಲ್ಲ. ಪಕ್ಕದ ಕೋಣೆಯಿಂದ ಒಗ್ಗರಣೆ ವಾಸನೆ ಬಂತು. ಎದ್ಲು, ಕೂತ್ಲು. ಎದ್ಲು, ಕೂತ್ಲು. ಸೂರ್ಯ ನೆತ್ತಿಗೆ ಬಂದಾಗ ಮೂರನೇ ಸಲ ಎದ್ದು ಹೋಗಿ ಕೋಣೆ ಹೊಸ್ತಿಲಲ್ಲಿ ನಿಂತ್ಲು. ಎದುರಿಗೇ ಒಲೆ, ಒಲೆ ಮೇಲೆ ಪಾತ್ರೆ, ಪಾತ್ರೆ ಮೇಲೆ ಮುಚ್ಚಳ. ಎತ್ತೋ ಹಕ್ಕು ಇತ್ತು. ಯಾರೂ ಕೇಳೋ ಹಾಗಿರಲಿಲ್ಲ. ಆದ್ರೂ ಹೊಸ್ತಿಲು ದಾಟಲಿಲ್ಲ ಅವಳು.

"ಏನವ್ವ ಸಾರು?" ಅಂತ ಅಲ್ಲಿಂದಲೇ ಕೇಳಿದ್ಲು.

ಗಿರಿಯವ್ವ ಸೂಜಿ ಕೆಳಗಿಟ್ಟು ಎದ್ದು ತಾನೇ ಮುಚ್ಚಳ ತೆಗೆದ್ಲು. ಇಬ್ಬರು ಉಂಡರೂ ಮಿಗೋ ಅಷ್ಟು ಸಾರಿತ್ತು ಅದರಲ್ಲಿ. ಹೊನ್ನಾಜಮ್ಮ ಉಪ್ಪು ನೋಡೋದನ್ನೂ ಮರೆತು, ತನ್ನ ತಟ್ಟೆ ತರೋಕೆ ಓಡಿದ್ಲು.

ಊಟ ಅವರಿಗೆ, ಹೂಂಗುಟ್ಟಿದ ಪುಣ್ಯ ನಿಮಗೆ, ಎಲೆ ಅಡಿಕೆ ನನಗೆ. ಎಲ್ಲಿ, ತಟ್ಟೆ ಈ ಕಡೆ ತಳ್ಳಿ.